ದಾಖಲೆಯಲ್ಲಿ ಪ್ರಥಮ ಭಾಷೆ, ಮಕ್ಕಳಿಗೆ ಎರಡನೆಯದು: ಒಂದು ತಾಂಡಾ ಶಾಲೆಯ ಪ್ರಕರಣ

ಕಲಬುರಗಿ ಜಿಲ್ಲೆಯ ಒಂದು ಲಂಬಾಣಿ ತಾಂಡಾ. ಅಲ್ಲೊಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ಹಿಂದೆ ಅಡುಗೆ ಕೋಣೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದು ಕೋಣೆಯಲ್ಲಿ, ನಾಲ್ಕು-ಐದನೆಯವರು ಇನ್ನೊಂದರಲ್ಲಿ. ನಾನು ಆ ಕ್ಲಸ್ಟರಿನ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಬೋಧನೆಯಲ್ಲಿ ನೆರವಾಗುವವನು) ಆಗಿದ್ದಾಗ ಆ ಮೊದಲ ಕೋಣೆಯಲ್ಲಿ ಎರಡು ಶೈಕ್ಷಣಿಕ ವರ್ಷ ನಡೆದ ಕನ್ನಡ ಕಲಿಕೆಯನ್ನು ಹತ್ತಿರದಿಂದ ನೋಡಿದೆ. ಇಂಥದ್ದೇ ಕೋಣೆಯಲ್ಲಿ ಪಾಠ ಮಾಡುವವರಿಗೆ ಉಪಯೋಗಕ್ಕೆ ಬರಲಿ ಅಂತ ಅದನ್ನು ಬರೆದಿಡುತ್ತಿದ್ದೇನೆ. ಊರು, ಶಾಲೆ, ಮಕ್ಕಳು, ಶಿಕ್ಷಕರು ಯಾರ ಹೆಸರೂ ಇಲ್ಲಿಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ತಾಂಡಾದ ಮನೆಗಳಲ್ಲಿ ಮಾತು ಪೂರ್ತಿ ಲಂಬಾಣಿ. ಅವರು ಅದಕ್ಕೆ ಗೋರ್‌ಬೋಲಿ ಅಂತಾರೆ. ರಾಜಸ್ಥಾನದ ಕಡೆಯ ನುಡಿಗಳಿಗೆ ಹತ್ತಿರದ ಭಾಷೆ ಅದು, ಕನ್ನಡದ ಕುಟುಂಬವೇ ಬೇರೆ. ಸಂವಿಧಾನದ 8ನೇ ಪರಿಚ್ಛೇದದಲ್ಲಿ ಅದಕ್ಕೆ ಜಾಗವಿಲ್ಲ. 2011ರ ಜನಗಣತಿ ಅದನ್ನು ಹಿಂದಿಯೊಳಗೆ ಸೇರಿಸಿ ಎಣಿಸಿದೆ. ಅಂದರೆ ಜನಗಣತಿಯಲ್ಲಿ ಈ ಮಕ್ಕಳು ಹಿಂದಿಯವರು. ಶಾಲೆಯ ದಾಖಲೆಯಲ್ಲಿ ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ ಭಾಷೆ. ಮನೆಯಲ್ಲಿ ಮೂರರಲ್ಲಿ ಯಾವುದೂ ಇಲ್ಲ.

ಮಗು ಐದು ವರ್ಷದವರೆಗೆ ಕನ್ನಡ ಕೇಳುವುದು ಸ್ವಲ್ಪವೇ. ಅಂಗನವಾಡಿ ಕಾರ್ಯಕರ್ತೆ ತಾಂಡಾದವರೇ, ಅಲ್ಲೂ ಲಂಬಾಣಿ. ಪಕ್ಕದ ಊರಿನ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಬಸ್ ನಿಲ್ದಾಣ. ಕನ್ನಡ ಕಿವಿಗೆ ಬೀಳುವುದು ಅಲ್ಲಿ, ಅದೂ ಕಲಬುರಗಿ ಕನ್ನಡ.

ಮೂರನೇ ತರಗತಿವರೆಗೆ ಪಾಠ ನಲಿ-ಕಲಿ ಪದ್ಧತಿಯಲ್ಲಿ. ಹೊಸಬರಿಗಾಗಿ ಎರಡು ಮಾತು: 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಕಾರ್ಡು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ಜೊತೆಗೆ 'ತಟ್ಟೆ' ಅಂತ ಕರೆಯುವ ಐದು ಗುಂಪುಗಳು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಬರೆಯಲು ಸುಲಭವಾದ, ಬೇಗ ಪದ ಕಟ್ಟಬಹುದಾದ ರ, ಗ, ಸ, ದ, ಅ ಮೊದಲು ಬರುತ್ತವೆ. ಅರಸ, ಅಗಸ, ಸರ, ದರ ಅಂತ ಐದೇ ಅಕ್ಷರಕ್ಕೆ ಎಷ್ಟೊಂದು ಪದ ಆಗ್ತವೆ ನೋಡಿ. ಕನ್ನಡ ಮನೆಯ ಮಗುವಿಗೆ ಇದು ಬಹಳ ಜಾಣ ಯೋಜನೆ. ಕಿವಿಯಲ್ಲಿ ಆಗಲೇ ಇರುವ ಪದ ಕಣ್ಣಿಗೆ ಸಿಗುತ್ತದೆ. ಕಿವಿಯಲ್ಲೇ ಇಲ್ಲದಿದ್ದರೆ?

ಸಮಸ್ಯೆ

ನಲಿ-ಕಲಿ ಕೋಣೆಯ ಶಿಕ್ಷಕಿ ವಿಜಯಪುರ ಕಡೆಯವರು. ಹತ್ತು ವರ್ಷಕ್ಕೂ ಮಿಕ್ಕಿದ ಅನುಭವ. ಕಾರ್ಡುಗಳನ್ನೆಲ್ಲ ಜೋಡಿಸಿಟ್ಟು, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ತೋರಿಸುವ ಗೋಡೆಯ ಪ್ರಗತಿ ನೋಟವನ್ನು ದಿನಾ ತುಂಬುವ ಪೈಕಿ. ಅವರ ದೂರು ಒಂದೇ: "ಬಾಯೇ ಬಿಡಂಗಿಲ್ರಿ ಇವು."

ಪ್ರಗತಿ ನೋಟದಲ್ಲಿ ಒಂದನೇ ತರಗತಿಯ ಹೆಚ್ಚಿನ ಮಕ್ಕಳು ಮೊದಲ ಕೆಲವು ಮೆಟ್ಟಿಲಲ್ಲೇ ತಿಂಗಳುಗಟ್ಟಲೆ ನಿಂತಿದ್ದರು. ಎರಡನೇ ತರಗತಿಯವರಲ್ಲಿ ಅರ್ಧದಷ್ಟು ಮಂದಿ ಒಂದನೆಯವರ ಜೊತೆಯಲ್ಲೇ ಇದ್ದರು. ಹಾಜರಾತಿ ಪರವಾಗಿರಲಿಲ್ಲ, ಬಿಸಿಯೂಟದ ಕೃಪೆ. ನೋಟ್‌ಬುಕ್ ತೆರೆದರೆ ಮಾತ್ರ ಆಶ್ಚರ್ಯ. ಅಕ್ಷರ ಮುತ್ತಿನಂತೆ. ಬೋರ್ಡಿನ ಮೇಲಿದ್ದದ್ದು ಚಾಚೂ ತಪ್ಪದೆ ಪುಟದ ಮೇಲೆ.

ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದೆ. ಎರಡನೇ ತರಗತಿ. ಬೆರಳಿಟ್ಟು "ಅ... ಗ... ಸ... ಅಗಸ" ಅಂತ ಓದಿದಳು. ಹಾಗಂದರೆ ಯಾರು ಅಂತ ಕೇಳಿದೆ. ಮುಖ ನೋಡಿದಳು. ಕಾರ್ಡಿನ ಚಿತ್ರ ತೋರಿಸಿದೆ. ಬಟ್ಟೆ ಒಗೆಯುವ ಮನುಷ್ಯ. ಅವಳು ಇನ್ನೊಮ್ಮೆ "ಅ... ಗ... ಸ" ಅಂದಳು, ಸ್ವಲ್ಪ ಜೋರಾಗಿ. ಕೇಳಿದ್ದು ಓದು ಅಂತಲೇ ಇರಬೇಕು ಅಂದುಕೊಂಡಿದ್ದಳು. ತಾಂಡಾದಲ್ಲಿ ಅಗಸರಿಲ್ಲ, ಬಟ್ಟೆ ಅವರವರೇ ಒಗೆದುಕೊಳ್ಳುತ್ತಾರೆ. ಅದು ಇರಲಿ, 'ಯಾರು' ಅನ್ನುವ ಪ್ರಶ್ನೆಯೇ ಅವಳಿಗೆ ತಲುಪಿರಲಿಲ್ಲ.

ಶಾಲೆಯ ಕಡತದಲ್ಲಿ ಇಂಥವರಿಗೆ 'ನಿಧಾನ ಕಲಿಕೆ' ಅಂತ ಬರೆದಿತ್ತು. ಈ ಪದದ ಮೇಲೆ ನನಗೆ ಸಿಟ್ಟಿದೆ. ಒಮ್ಮೆ ಬರೆದರೆ ಮುಗಿಯಿತು, ಆಮೇಲೆ ಯಾರೂ ಯಾಕೆ ಅಂತ ಕೇಳುವುದಿಲ್ಲ.

ಮೊದಲು ಮಾಡಿ ನೋಡಿದ್ದು

ಮೊದಲ ಮದ್ದು ಎಲ್ಲ ಕಡೆ ಮಾಡುವಂಥದ್ದೇ: ಇನ್ನಷ್ಟು ಅಕ್ಷರ. ಊಟದ ನಂತರ ಪರಿಹಾರ ಬೋಧನೆ, ಮತ್ತೆ ಅದೇ ಕಾರ್ಡು, ಅದೇ ಕಾಪಿ. ಬರಹ ಇನ್ನೂ ದುಂಡಗಾಯಿತು. ಅರ್ಥ ಹಾಗೇ ಉಳಿಯಿತು.

ಎರಡನೆಯದು ನಿಯಮ: ಕೋಣೆಯೊಳಗೆ ಲಂಬಾಣಿ ಬೇಡ, ಕನ್ನಡದಲ್ಲೇ ಮಾತಾಡಬೇಕು. ಉದ್ದೇಶ ಒಳ್ಳೆಯದೇ. ಮಕ್ಕಳು ಕನ್ನಡದ ನಡುವೆ ಮುಳುಗಿದರೆ ಈಜು ಕಲಿಯುತ್ತಾರೆ ಅನ್ನುವ ಲೆಕ್ಕ. ಆದರೆ ಆಡಲು ಕನ್ನಡವಿಲ್ಲ, ಲಂಬಾಣಿ ಆಡುವ ಹಾಗಿಲ್ಲ. ಹಾಗಾಗಿ ಇದ್ದ ಮಾತೂ ನಿಂತಿತು. ಮೊದಲು ಒಬ್ಬರಿಗೊಬ್ಬರು ಕಾರ್ಡಿನ ಬಗ್ಗೆ ಪಿಸುಗುಟ್ಟುತ್ತಿದ್ದರು, ಅದೂ ಹೋಯಿತು. ನಲಿ-ಕಲಿಯ ತಟ್ಟೆಗಳಲ್ಲಿ ಎರಡು ನಿಂತಿರುವುದೇ ಗೆಳೆಯರ ಸಹಾಯದ ಮೇಲೆ. ಮಕ್ಕಳು ಮಾತಾಡದಿದ್ದರೆ ಆ ಗುಂಪುಗಳಿಗೆ ಅರ್ಥವಿಲ್ಲ.

ಬಿಸಿಯೂಟದ ಸಾಲು

ತಿರುವು ಬಂದದ್ದು ಊಟದ ಹೊತ್ತಿನಲ್ಲಿ. 2021ರ ಡಿಸೆಂಬರಿನಿಂದ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡುವುದು ಶುರುವಾಗಿತ್ತು. ಬೇಡ ಅನ್ನುವವರಿಗೆ ಬಾಳೆಹಣ್ಣು. ಮುಖ್ಯ ಅಡುಗೆಯವರು ಪಕ್ಕದ ಊರಿನವರು, ಕನ್ನಡ ಮಾತ್ರ ಬಲ್ಲವರು. ಸಹಾಯಕಿ ತಾಂಡಾದವರು.

ಸಾಲಿನಲ್ಲಿ ಅದೇ ಹುಡುಗಿ. ಅಡುಗೆಯವರು ಕೇಳಿದರು: "ತತ್ತಿ ಬೇಕೋ, ಬಾಳಿಹಣ್ಣ ಬೇಕೋ?"

"ತತ್ತಿ ಹಾಕ್ರಿ. ಸಾರ್ ಬ್ಯಾಡ."

ಆಮೇಲೆ ಹಿಂದೆ ನಿಂತ ಹುಡುಗನ ಕಡೆ ಕೈ ತೋರಿಸಿ: "ಇವಗ ಹಾಕಬ್ಯಾಡ್ರಿ. ಆಗ್ಲೇ ತಗೊಂಡಾನ."

ಶಿಕ್ಷಕಿ ನನ್ನ ಪಕ್ಕದಲ್ಲೇ ನಿಂತಿದ್ದರು. ಇಬ್ಬರೂ ಕೇಳಿಸಿಕೊಂಡೆವು. ಬಾಯಿ ಬಿಡದ ಹುಡುಗಿ ಇಲ್ಲಿ ಆಯ್ಕೆ ಮಾಡಿದ್ದಾಳೆ, ಬೇಡ ಅಂದಿದ್ದಾಳೆ, ಮರ್ಯಾದೆಯ 'ರಿ' ಸೇರಿಸಿದ್ದಾಳೆ, ಚಾಡಿ ಕೂಡ ಹೇಳಿದ್ದಾಳೆ. 'ಆಗ್ಲೇ ತಗೊಂಡಾನ' ಅನ್ನುವುದು ಸಣ್ಣ ವ್ಯಾಕರಣವಲ್ಲ.

ಮಧ್ಯಾಹ್ನ ಇಬ್ಬರೂ ಕೂತು ಮಾತಾಡಿದೆವು. ಎರಡು ಸಂಗತಿ ಸ್ಪಷ್ಟವಾದವು. ಒಂದು, ಮಕ್ಕಳ ತಲೆಯಲ್ಲಿ ಕನ್ನಡ ಸೊನ್ನೆ ಇಲ್ಲ. ಅಂಗಡಿ, ಗಿರಣಿ, ಊಟದ ಸಾಲಿಗೆ ಬೇಕಾದಷ್ಟು ಇದೆ. ಎರಡು, ಅದು ಪುಸ್ತಕದ ಕನ್ನಡವಲ್ಲ. ಶಿಕ್ಷಕಿ ತರಗತಿಯಲ್ಲಿ "ಚಿತ್ರದಲ್ಲಿ ಏನೇನು ಕಾಣಿಸುತ್ತಿದೆ ಹೇಳಿ ಮಕ್ಕಳೇ" ಅಂತ ಕೇಳುತ್ತಿದ್ದರು. ಸ್ವತಃ ಉತ್ತರ ಕರ್ನಾಟಕದವರಾಗಿದ್ದೂ ಪಾಠ ಅಂದ ಕೂಡಲೇ ಅವರ ನಾಲಿಗೆ ಪಠ್ಯಪುಸ್ತಕಕ್ಕೆ ಜಾರುತ್ತಿತ್ತು. ತರಬೇತಿ, ಭೇಟಿ ಕೊಡುವ ಅಧಿಕಾರಿಗಳು, "ಶುದ್ಧವಾಗಿ ಮಾತಾಡಿ" ಅನ್ನುವ ಮಾತು, ಇವೆಲ್ಲ ಸೇರಿ ಮಾಡಿದ ಅಭ್ಯಾಸ. ಅದನ್ನೇ "ಇದರಾಗ ಏನೇನ್ ಕಾಣ್ಲಾಕತ್ತದ, ಹೇಳ್ರಿ" ಅಂತ ಕೇಳಿ ನೋಡೋಣ ಅಂದುಕೊಂಡೆವು. ಮರುದಿನ ಕೇಳಿದರು. ಮೂರ್ನಾಲ್ಕು ಕೈ ಎದ್ದವು. ಉತ್ತರ ಒಂದೊಂದೇ ಪದ. ಅದರಲ್ಲಿ ಅರ್ಧ ಲಂಬಾಣಿ. ಆದರೂ ಉತ್ತರ ಬಂತು.

ತೆಗೆದುಕೊಂಡ ನಿರ್ಧಾರಗಳು

ಶಿಕ್ಷಕಿಯ ಪ್ರಸ್ತಾಪ ಸರಳ. ಈ ಮಕ್ಕಳಿಗೆ ಕನ್ನಡ ಎರಡನೇ ಭಾಷೆ, ಹಾಗಾಗಿ ಎರಡನೇ ಭಾಷೆ ಕಲಿಸುವ ಕ್ರಮದಲ್ಲೇ ಕಲಿಸೋಣ. ಮುಂದಿನ ಜೂನ್‌ನಲ್ಲಿ ಬರುವ ಹೊಸ ಮಕ್ಕಳಿಗೆ ಮೊದಲು ಕೇಳುವುದು, ಆಮೇಲೆ ಆಡುವುದು, ಅಕ್ಷರ ಅದರ ನಂತರ.

ಮುಖ್ಯ ಶಿಕ್ಷಕರು ಒಪ್ಪಲಿಲ್ಲ. ಅವರ ಮಾತಿನಲ್ಲೂ ಹುರುಳಿತ್ತು. ಏಣಿಯಲ್ಲಿ ಮಕ್ಕಳು ಹಿಂದೆ ಬಿದ್ದರೆ ಉತ್ತರ ಕೊಡಬೇಕಾದವರು ಅವರು. ನೋಟ್‌ಬುಕ್ ಖಾಲಿ ಇದ್ದರೆ ತಂದೆತಾಯಿ ಏನು ಪಾಠ ಆಗ್ತಿದೆ ಅಂತ ಕೇಳುತ್ತಾರೆ. ಮಾತನ್ನು ತೋರಿಸಲು ಪುಟ ಇರುವುದಿಲ್ಲ, ಅಲ್ವಾ?

ದಾರಿ ಸಿಕ್ಕಿದ್ದು ಇಲಾಖೆಯ ಕಾರ್ಯಕ್ರಮದಲ್ಲೇ. 2022-23ರಿಂದ ಒಂದನೇ ತರಗತಿಗೆ, ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವ ವಿದ್ಯಾಪ್ರವೇಶ ಬಂದಿತ್ತು. ಮೊದಲ ತಿಂಗಳುಗಳಲ್ಲಿ ಆಟ, ಮಾತು, ಚಟುವಟಿಕೆಗೆ ಅದರಲ್ಲೇ ಅವಕಾಶವಿದೆ. ಹಲವು ಶಾಲೆಗಳಲ್ಲಿ ಅದನ್ನು ಬೇಗ ಮುಗಿಸಿ ಅಕ್ಷರಕ್ಕೆ ಓಡುತ್ತಾರೆ. ಇಲ್ಲಿ ಅದನ್ನು ಪೂರ್ತಿ ಕನ್ನಡ ಮಾತಿಗೆ ಬಳಸುವುದು, ದಸರೆಯವರೆಗೆ ದಿನಕ್ಕೆ ಒಂದು ಅವಧಿ ಬರೀ ಮಾತಿಗೆ ಅಂತ ಎತ್ತಿಡುವುದು ಅಂತ ತೀರ್ಮಾನವಾಯಿತು. ಎರಡನೇ ತರಗತಿಯ ಮಕ್ಕಳೂ ಆ ಅವಧಿಗೆ ಸೇರಿಕೊಂಡರು. ಅವರ ಅಕ್ಷರ ಪಾಠ ಉಳಿದ ಹೊತ್ತಿನಲ್ಲಿ ಮುಂದುವರಿಯಿತು. ಅರ್ಧ ಗೆಲುವು. ಆದರೆ ಕಾಗದದ ಮೇಲೆ ಯಾರೂ ತಪ್ಪು ಹುಡುಕಲಾರದ ಗೆಲುವು.

ಎರಡನೇ ನಿರ್ಧಾರ, ಯಾವ ಕನ್ನಡ? ಇದಕ್ಕೆ ಜಾಸ್ತಿ ಚರ್ಚೆ ನಡೆಯಿತು. ಆಡುವುದು ಊರ ಕನ್ನಡ, ಓದುವುದು ಪುಸ್ತಕದ ಕನ್ನಡ ಅಂತ ಗೆರೆ ಹಾಕಿದರು. ಶಿಕ್ಷಕಿ ಮಾತಿನ ಅವಧಿಯಲ್ಲಿ ತಮ್ಮದೇ ಭಾಷೆಯಲ್ಲಿ, ಕುಂದ್ರು, ನಿಂದ್ರು, ಬಾ, ಹೋಗು ಅಂತ ಮಾತಾಡುತ್ತಾರೆ. ಪುಸ್ತಕ ಓದಿ ಹೇಳುವಾಗ ಮಾತ್ರ ಪುಸ್ತಕದ ಹಾಗೆ. ಮಕ್ಕಳಿಗೆ ಗೊಂದಲ ಆಗುತ್ತದೆ ಅನ್ನುವ ಭಯವಿತ್ತು. ಆಗಲಿಲ್ಲ. ಪುಸ್ತಕದ ದನಿ ಬೇರೆ ಅನ್ನುವುದು ಮಕ್ಕಳಿಗೆ ಬೇಗ ತಿಳಿಯಿತು. ಒಬ್ಬ ಹುಡುಗ ಪುಸ್ತಕ ಹಿಡಿದಾಗೆಲ್ಲ ಟಿ.ವಿ. ವಾರ್ತೆಯವರಂತೆ ಗಂಟಲು ದಪ್ಪ ಮಾಡಿಕೊಳ್ಳುತ್ತಿದ್ದ.

ಮೂರನೆಯದು, ಲಂಬಾಣಿ ಮೇಲಿನ ನಿಷೇಧ ತೆಗೆದದ್ದು.

ಕೋಣೆಯೊಳಗೆ

ಶುರು ಆಜ್ಞೆಯ ಆಟದಿಂದ. ಏಳು, ಕುಂದ್ರು, ಬಾಗಿಲ ಮುಚ್ಚು, ಚೀಲ ತಾ, ಕಿವಿ ಹಿಡಿ. ಮಕ್ಕಳು ಮಾತಾಡಬೇಕಿಲ್ಲ, ಮಾಡಿದರೆ ಸಾಕು. ಎರಡನೇ ಭಾಷೆ ಕಲಿಯುವವರು ಸ್ವಲ್ಪ ಕಾಲ ಬರೀ ಕೇಳಿಸಿಕೊಳ್ಳುತ್ತಾರೆ, ಆ ಮೌನ ಕಲಿಕೆಯ ಭಾಗ. ಭಾಷಾ ಬೋಧನೆಯಲ್ಲಿ ಇದು ಹೊಸ ವಿಷಯವೇನಲ್ಲ. ಮೈಯಿಂದ ಉತ್ತರಿಸುವ ಈ ಪದ್ಧತಿಯನ್ನು ಜೇಮ್ಸ್ ಆಷರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲೇ ರೂಪಿಸಿದ್ದರು. ಆದರೆ ನಮ್ಮ ತರಗತಿಗಳಲ್ಲಿ ಮೌನಕ್ಕೆ ಮಾರ್ಕ್ಸ್ ಇಲ್ಲ. "ಹೇಳು, ಹೇಳು" ಅಂತ ಒತ್ತುತ್ತೇವೆ. ಇಲ್ಲಿ ಒತ್ತದೆ ಕಾದರು. ಕೆಲವು ವಾರ ಆದ ಮೇಲೆ ಮಕ್ಕಳೇ ಎದ್ದು ಶಿಕ್ಷಕಿಗೆ ಆಜ್ಞೆ ಕೊಡತೊಡಗಿದರು. ಟೀಚರ್‌ ಕಿವಿ ಹಿಡಿದುಕೊಳ್ಳುವುದು ನೋಡಲು ಎಲ್ಲರಿಗೂ ಆಸೆ.

ಆಮೇಲೆ ಅಂಗಡಿ ಆಟ. ಖಾಲಿ ಬಿಸ್ಕತ್ ಪೊಟ್ಟಣ, ತೊಗರಿ ಬೇಳೆ, ಹುಣಸೆಬೀಜದ ದುಡ್ಡು. "ಎಷ್ಟಕ್ಕ ಕೊಡ್ತಿ?" "ಚಿಲ್ಲರಿ ಇಲ್ಲ." ತರಗತಿಯಲ್ಲಿ ಮೊದಲ ಬಾರಿ ಜಗಳ ಕನ್ನಡದಲ್ಲಿ ನಡೆದದ್ದು ಈ ಅಂಗಡಿಯಲ್ಲೇ.

ಕಥೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅಡುಗೆ ಸಹಾಯಕಿಯನ್ನು ಕರೆದು ಕಥೆ ಹೇಳಿಸುವ ಯೋಚನೆ ಇತ್ತು. ಅವರು ಬಾಗಿಲವರೆಗೆ ಬಂದು "ನಾ ಸಾಲಿ ಕಲ್ತಾಕಿ ಅಲ್ರಿ" ಅಂತ ಹೋಗಿಬಿಟ್ಟರು. ಕೊನೆಗೆ ಐದನೇ ತರಗತಿಯ ಹುಡುಗಿ ಒಬ್ಬಳು ಮುಂದೆ ಬಂದಳು. ಅಜ್ಜಿಯಿಂದ ಕಲಿತ ನರಿ ಮತ್ತು ಆಡಿನ ಕಥೆ ಅವಳಿಗೆ ಗೊತ್ತಿತ್ತು. ಅವಳು ಒಂದು ವಾಕ್ಯ ಲಂಬಾಣಿಯಲ್ಲಿ ಹೇಳುವುದು, ಶಿಕ್ಷಕಿ ಅದನ್ನೇ ಕನ್ನಡದಲ್ಲಿ ಹೇಳುವುದು. ನೋಡಲು ಚೆಂದ. ಮಕ್ಕಳೂ ಖುಷಿ. ಎರಡು ವಾರ ಆದರೂ ಕನ್ನಡದ ಒಂದು ಪದವೂ ಹತ್ತಲಿಲ್ಲ.

ಯಾಕೆ ಅಂತ ಹಿಂದಿನ ಸಾಲಿನಲ್ಲಿ ಕೂತು ಮಕ್ಕಳ ಮುಖ ನೋಡಿದರೆ ತಿಳಿಯುತ್ತಿತ್ತು. ಲಂಬಾಣಿ ಬಂದಾಗ ಕಣ್ಣು ಅಗಲ. ಕನ್ನಡ ಬಂದಾಗ ಕಿಟಕಿ ಕಡೆ. ಮುಂದಿನ ವಾಕ್ಯದಲ್ಲಿ ಮತ್ತೆ ಲಂಬಾಣಿ ಬಂದೇ ಬರುತ್ತದೆ ಅಂದ ಮೇಲೆ ಕನ್ನಡಕ್ಕೆ ಯಾರು ಕಿವಿ ಕೊಡುತ್ತಾರೆ? ವಾಕ್ಯಕ್ಕೊಂದು ಅನುವಾದ ಕೊಟ್ಟರೆ ಹೊಸ ಭಾಷೆ ಕೇಳುವ ಕೆಲಸವೇ ತಪ್ಪಿಹೋಗುತ್ತದೆ.

ಕ್ರಮ ಬದಲಿಸಿದರು. ಸೋಮವಾರ ದೊಡ್ಡ ಹುಡುಗಿ ಇಡೀ ಕಥೆ ಲಂಬಾಣಿಯಲ್ಲಿ ಹೇಳುತ್ತಾಳೆ. ಮಂಗಳವಾರ ಮಕ್ಕಳು ಅದನ್ನು ಆಡಿ ತೋರಿಸುತ್ತಾರೆ, ಯಾವ ಭಾಷೆಯಲ್ಲಾದರೂ ಸರಿ. ಬುಧವಾರದಿಂದ ಅದೇ ಕಥೆ ಶಿಕ್ಷಕಿಯ ಬಾಯಿಂದ ಕನ್ನಡದಲ್ಲಿ, ಚಿತ್ರ ಮತ್ತು ಅಭಿನಯದೊಂದಿಗೆ. ಅನುವಾದ ಇಲ್ಲವೇ ಇಲ್ಲ. ಏನಾಗುತ್ತದೆ ಅನ್ನುವುದು ಮಕ್ಕಳಿಗೆ ಆಗಲೇ ಗೊತ್ತು. ಹೇಗೆ ಹೇಳುತ್ತಾರೆ ಅನ್ನುವುದನ್ನಷ್ಟೇ ಹಿಡಿಯಬೇಕು. ಶುಕ್ರವಾರ ಹೊತ್ತಿಗೆ "ನರಿ ಬಂತು, ಆಡು ಓಡ್ತು" ಅಂತ ಕೋಣೆಯೆಲ್ಲ ಕೂಗು. ಈ ಎರಡು ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ. ಖರ್ಚು ಒಂದು ಪೈಸೆ ಇಲ್ಲ.

ತಪ್ಪುಗಳಲ್ಲಿ ಎರಡು ಬಗೆ ಎದ್ದು ಕಾಣುತ್ತಿದ್ದವು. ಬಸ್ಸು 'ಬಂದ', ಎಮ್ಮೆ 'ಬಂದಳು'. ಲಂಬಾಣಿಯಲ್ಲಿ ವಸ್ತುಗಳೂ ಗಂಡು ಅಥವಾ ಹೆಣ್ಣು. ಕನ್ನಡದ ನಪುಂಸಕ ಲಿಂಗ ಅವರಿಗೆ ಹೊಸದು. ಎರಡನೆಯದು ಎ-ಏ, ಒ-ಓ ಗೊಂದಲ. ಬೆಳೆ, ಬೇಳೆ ಎರಡೂ ಒಂದೇ ಥರ ಕೇಳುತ್ತಿದ್ದವು. ತೊಗರಿ ಸೀಮೆಯಲ್ಲಿ ಇದು ದೊಡ್ಡ ಸಂಕಟ! ಶಿಕ್ಷಕಿ ಮೊದಲನೆಯದನ್ನು ತಿದ್ದಲಿಲ್ಲ. "ಹೌದಾ, ಬಸ್ ಬಂತಾ?" ಅಂತ ಸರಿಯಾದ ರೂಪದಲ್ಲಿ ಮಾತು ಮುಂದುವರಿಸುತ್ತಿದ್ದರು, ಅಷ್ಟೇ. ಎರಡನೆಯದಕ್ಕೆ ಮಾತ್ರ ಆಟ ಕಟ್ಟಿದರು. ಬೆಳೆ ಅಂದರೆ ಕೈ ಮೇಲಕ್ಕೆ, ಬೇಳೆ ಅಂದರೆ ಕೈ ಹೊಟ್ಟೆಗೆ. ಮುಂದೆ ಓದು-ಬರಹಕ್ಕೆ ಇಳಿದಾಗ ದೀರ್ಘದ ಗುರುತು ತಪ್ಪುವುದು ಇದರಿಂದ ಸಾಕಷ್ಟು ಕಡಿಮೆಯಾಯಿತು.

ಅಡ್ಡಿಗಳು

ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ ನೇರವಾಗಿ ಕೇಳಿದರು: "ಲಮಾಣಿ ಮನ್ಯಾಗೇ ಬರ್ತದ. ಅದನ್ನ ಕಲಿಲಾಕ ಸಾಲಿಗಿ ಯಾಕ ಕಳಸ್ಬೇಕ್ರಿ? ಇಂಗ್ಲಿಷ್ ಕಲಸ್ರಿ." ಅವರು ಮುಂಬೈ, ಪುಣೆಯಲ್ಲಿ ಕೆಲಸ ಮಾಡಿ ಬಂದವರು. ಭಾಷೆ ಇಲ್ಲದೆ ಆಗುವ ಅವಮಾನ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಶಿಕ್ಷಕಿ ವಾದ ಮಾಡಲಿಲ್ಲ. ಕಲಿಸುತ್ತಿರುವುದು ಲಂಬಾಣಿಯಲ್ಲ, ಲಂಬಾಣಿ ಮೂಲಕ ಕನ್ನಡ ಅಂತ ಹೇಳಿ, ಒಂದನೇ ತರಗತಿಯ ಇಬ್ಬರಿಂದ ಅಂಗಡಿ ಆಟ ಆಡಿಸಿದರು. ಕೆಲವರು ನಕ್ಕು ಒಪ್ಪಿದರು. ಆ ತಂದೆ ಒಪ್ಪಲಿಲ್ಲ. ಮುಂದಿನ ವರ್ಷ ಇಬ್ಬರು ಮಕ್ಕಳನ್ನೂ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದರು.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಿ ಅನ್ನುತ್ತದೆ. 1956ರಿಂದ ಇದೆ. ತಾಂಡಾದಲ್ಲಿ ಅದನ್ನು ಯಾರೂ ಕೇಳುತ್ತಿಲ್ಲ. ಅವರು ಕೇಳುತ್ತಿರುವುದು ಹೊರಗಿನ ಭಾಷೆ, ಬೇಗ. ಇದನ್ನು ಮರೆತು ಯೋಜನೆ ಮಾಡಿದರೆ ಮಕ್ಕಳೇ ಶಾಲೆ ಬಿಡುತ್ತಾರೆ.

ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಕುಟುಂಬಗಳು ಹೊರಟವು. ಕೆಲವು ಮಕ್ಕಳು ಅಜ್ಜಿಯರ ಹತ್ತಿರ ಉಳಿದರು, ಮಿಕ್ಕವರು ಗಾಡಿ ಹತ್ತಿದರು. ಇದಕ್ಕೆ ಶಾಲೆಯ ಬಳಿ ಉತ್ತರವಿರಲಿಲ್ಲ. ಬೇಸಿಗೆಗೆ ಸ್ವಲ್ಪ ಮೊದಲು ಹಿಂತಿರುಗಿದ ಮಕ್ಕಳಲ್ಲಿ ಒಂದು ಕಂಡಿತು: ಕಲಿತಿದ್ದ ನಾಲ್ಕು ಅಕ್ಷರ ಪೂರ್ತಿ ಮರೆತಿತ್ತು, ಮಾತು ಅಷ್ಟಾಗಿ ಮರೆತಿರಲಿಲ್ಲ. ನಡುವೆ ಮರಾಠಿ ಪದಗಳೂ ಸೇರಿಕೊಂಡಿದ್ದವು. ಅವರನ್ನು ಮತ್ತೆ ಏಣಿಯ ಬುಡದಿಂದ ಶುರು ಮಾಡಿಸಬೇಕಾಯಿತು. ಆದರೆ ಈ ಸಲ ಶಿಕ್ಷಕಿ ಹೇಳುತ್ತಿರುವುದು ಅವರಿಗೆ ಅರ್ಥವಾಗುತ್ತಿತ್ತು.

ಇನ್ನೊಂದು ಘಟನೆ ಇಡೀ ಪ್ರಯತ್ನಕ್ಕೆ ಎಚ್ಚರಿಕೆ ಕೊಟ್ಟಿತು. ಒಬ್ಬ ಹುಡುಗ ಎಷ್ಟು ಮಾಡಿದರೂ ಆಜ್ಞೆಯ ಆಟದಲ್ಲಿ ಪಕ್ಕದವನನ್ನು ನೋಡಿ ಮಾಡುತ್ತಿದ್ದ. ಭಾಷೆ ಇನ್ನೂ ಬಂದಿಲ್ಲ, ಕಾಯೋಣ ಅಂತ ಎಲ್ಲರೂ ಅಂದುಕೊಂಡರು. ದೊಡ್ಡ ಹುಡುಗಿ ಲಂಬಾಣಿಯಲ್ಲಿ ಹಿಂದಿನಿಂದ ಕರೆದಾಗಲೂ ಅವನು ತಿರುಗಲಿಲ್ಲ. ಅದನ್ನು ಗಮನಿಸಿದ್ದು ಅವಳೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ತೋರಿಸಿದರು. ಎರಡೂ ಕಿವಿ ಸೋರುತ್ತಿದ್ದವು, ಕೇಳುವುದು ಬಹಳ ಕಡಿಮೆ. ಆಸ್ಪತ್ರೆಗೆ ಕಳಿಸಿದರು. ಮೊದಲು ಎಲ್ಲವನ್ನೂ 'ನಿಧಾನ ಕಲಿಕೆ' ಅನ್ನುತ್ತಿದ್ದ ಜಾಗದಲ್ಲಿ ಈಗ ಎಲ್ಲವನ್ನೂ 'ಭಾಷೆ ಸಮಸ್ಯೆ' ಅನ್ನುವ ಅಪಾಯ ಬಂದಿತ್ತು. ಅವತ್ತಿನಿಂದ ಶಿಕ್ಷಕಿ ಒಂದು ಪರೀಕ್ಷೆ ಇಟ್ಟುಕೊಂಡರು: ಮಗುವಿಗೆ ಮನೆಮಾತಿನಲ್ಲಿ ಆಗುತ್ತದೆಯೇ? ಆಗುತ್ತದೆ ಅಂದರೆ ಅದು ಕನ್ನಡದ ತೊಂದರೆ. ಮನೆಮಾತಿನಲ್ಲೂ ಆಗದಿದ್ದರೆ ಬೇರೆ ಏನೋ ಇದೆ, ತಕ್ಷಣ ತೋರಿಸಬೇಕು.

ಏನಾಯಿತು

ಮೊದಲ ವರ್ಷದ ಡಿಸೆಂಬರಿನಲ್ಲಿ ಏಣಿಯ ಲೆಕ್ಕದಲ್ಲಿ ಶಾಲೆ ಕ್ಲಸ್ಟರಿನಲ್ಲೇ ಹಿಂದಿತ್ತು. ಭೇಟಿ ಪುಸ್ತಕದಲ್ಲಿ ಟಿಪ್ಪಣಿಯೂ ಬಿತ್ತು. ಮುಖ್ಯ ಶಿಕ್ಷಕರು ಕೈ ಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಬಿಡಲಿಲ್ಲ. ಕಾರಣ ವಿಚಿತ್ರ: ಮಕ್ಕಳು ಅವರ ಕೋಣೆಗೆ ಬಂದು ತಾವಾಗಿ ದೂರು ಹೇಳತೊಡಗಿದ್ದರು. "ಸರ್, ಅಂವ ನನ್ನ ಪೆನ್ಸಿಲ್ ಕೊಡವಲ್ಲ." ಅಲ್ಲಿಯವರೆಗೆ ಸಣ್ಣ ಮಕ್ಕಳ ದೂರು ಅವರಿಗೆ ಕೇಳಿಸಿದ್ದೇ ಇಲ್ಲ. ಇದಕ್ಕಿಂತ ದೊಡ್ಡ ಪುರಾವೆ ಅವರಿಗೆ ಬೇಕಾಗಲಿಲ್ಲ.

ಎರಡನೇ ವರ್ಷ ದಸರೆ ನಂತರ ಓದು ಹಿಡಿಯಿತು. ತಾಂಡಾದಲ್ಲೇ ಉಳಿದಿದ್ದ ಮಕ್ಕಳಲ್ಲಿ ಬಹುತೇಕರು ಎರಡನೇ ತರಗತಿಯ ನಡುವಿಗೆ ಸಣ್ಣ ವಾಕ್ಯ ಓದಿ, ಅದರಲ್ಲೇನಿದೆ ಅಂತ ಹೇಳುತ್ತಿದ್ದರು. ಓದಿದ ಮೇಲೆ ಹೇಳುವುದು, ಅದೇ ಮುಖ್ಯ. 'ಅಗಸ' ಹುಡುಗಿ ಅಷ್ಟರಲ್ಲಿ ಮುಂದಿನ ತರಗತಿಗೆ ಹೋಗಿದ್ದಳು. ಅವಳ ಓದು ನಿಧಾನವೇ. ಆದರೆ ಗೊತ್ತಿಲ್ಲದ ಪದ ಬಂದರೆ ನಿಲ್ಲಿಸಿ "ಇದ ಏನ್ರಿ?" ಅಂತ ಕೇಳುವ ಅಭ್ಯಾಸ ಬಂದಿತ್ತು. ಕಬ್ಬಿನ ಗಾಡಿ ಹತ್ತಿದ ಮಕ್ಕಳು ಮಾತ್ರ ಎರಡನೇ ವರ್ಷವೂ ಹಿಂದೆಯೇ ಉಳಿದರು. ತರಗತಿಯೊಳಗಿನ ಯಾವ ಜಾಣತನವೂ ನಾಲ್ಕೈದು ತಿಂಗಳ ಗೈರನ್ನು ತುಂಬಲಿಲ್ಲ. ಅದಕ್ಕೆ ಬೇಕಾದದ್ದು ಋತುಮಾನದ ವಸತಿ ವ್ಯವಸ್ಥೆ.

ಬೇರೆ ಶಾಲೆಗಳವರು ಕೇಳಿದಾಗ ನಾನು ಮೊದಲು ಕೇಳುವ ಪ್ರಶ್ನೆ: ನಿಮ್ಮ ಒಂದನೇ ತರಗತಿ ಮಗು ಶಾಲೆಗೆ ಬಂದ ದಿನ ಎಷ್ಟು ಕನ್ನಡ ಬಲ್ಲದು, ಎಲ್ಲಿ ಆಡುತ್ತದೆ? ಇದನ್ನು ತರಗತಿಯೊಳಗೆ ಕೂತು ಅಳೆಯಲು ಆಗುವುದಿಲ್ಲ. ಊಟದ ಸಾಲಿನಲ್ಲಿ, ಅಂಗಡಿ ಮುಂದೆ ನಿಂತು ನೋಡಬೇಕು. ಲಂಬಾಣಿ ಅಂತಲ್ಲ, ಉರ್ದು, ತೆಲುಗು, ಮರಾಠಿ, ತುಳು, ಬ್ಯಾರಿ, ಸೋಲಿಗರ ನುಡಿ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಒಡಿಯಾ, ಬಂಗಾಳಿ, ಯಾವುದಾದರೂ ಸರಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಮೂವರಲ್ಲಿ ಒಬ್ಬರ ಮನೆಮಾತು ಕನ್ನಡವಲ್ಲ. ಉರ್ದು, ಮರಾಠಿಯಂಥವಕ್ಕೆ ತಮ್ಮದೇ ಮಾಧ್ಯಮದ ಶಾಲೆ, ಎರಡನೇ ಭಾಷೆಯ ಕನ್ನಡ ಪುಸ್ತಕ ಇವೆ. ಗೋರ್‌ಬೋಲಿಯಂಥವಕ್ಕೆ ಇಲ್ಲ. ಅಲ್ಲಿ ಅಂತರ ತುಂಬುವುದು ಪೂರ್ತಿ ಶಿಕ್ಷಕರ ಮೇಲೆ ಬೀಳುತ್ತದೆ.

ಪಕ್ಕದ ಇನ್ನೊಂದು ತಾಂಡಾ ಶಾಲೆ ಇದನ್ನೇ ಮಾಡಿ ನೋಡಿತು. ಅಲ್ಲಿ ನಾಲ್ಕು-ಐದನೇ ತರಗತಿಯಲ್ಲಿ ಕಥೆ ಹೇಳಬಲ್ಲ ದೊಡ್ಡ ಮಗು ಸಿಗಲಿಲ್ಲ. ಶಿಕ್ಷಕರಿಗೆ ಲಂಬಾಣಿ ಬರುವುದಿಲ್ಲ. ಮೊಬೈಲಿನಲ್ಲಿ ತಾಂಡಾದ ಅಜ್ಜಿಯರ ಕಥೆ ರೆಕಾರ್ಡ್ ಮಾಡಿ ಕೇಳಿಸಿದರು. ಮಕ್ಕಳು ಕೇಳಿದರು, ಆದರೆ ಎದುರಿಗೆ ಕಥೆಗಾರ್ತಿ ಇಲ್ಲದ್ದರಿಂದ ಪ್ರಶ್ನೆ ಕೇಳಲಿಲ್ಲ, ಆಡಿ ತೋರಿಸುವ ಹಂತ ಸಪ್ಪೆಯಾಯಿತು. ಅವರು ಈಗ ವಾರಕ್ಕೊಮ್ಮೆ ಒಬ್ಬ ತಾಯಿಯನ್ನು ಕರೆಸುತ್ತಿದ್ದಾರೆ, ಕೋಣೆಯೊಳಗಲ್ಲ, ಹೊರಗೆ ಬೇವಿನ ಮರದ ಕೆಳಗೆ. ಕೋಣೆಯೊಳಗೆ ಬರಲು ಸಂಕೋಚ ಪಡುವವರು ಅಲ್ಲಿ ಕೂರುತ್ತಾರೆ.

ನಮ್ಮ ಶಾಲೆಯ ಶಿಕ್ಷಕಿಗೆ ಎರಡನೇ ವರ್ಷದ ಕೊನೆಗೆ ವರ್ಗವಾಯಿತು. ಹೋಗುವಾಗ ಒಂದು ನೋಟ್‌ಬುಕ್ ಬಿಟ್ಟು ಹೋದರು. ಒಂದು ಕಡೆ ಮಕ್ಕಳು ಶಾಲೆಗೆ ಬರುವಾಗಲೇ ಬಲ್ಲ ಕನ್ನಡ ಪದಗಳು, ಇನ್ನೊಂದು ಕಡೆ ಯಾಡಿ, ಪಾಣಿ, ಬಾಟಿಯಂಥ ಮನೆಯ ಪದಗಳು, ಹಿಂದಿನ ಪುಟಗಳಲ್ಲಿ ವಾರವಾರದ ಕಥೆಗಳು. ಹೊಸ ಶಿಕ್ಷಕರು ಅಂಗಡಿ ಆಟ ಮುಂದುವರಿಸಿದ್ದಾರೆ. ಕಥೆಯ ವಾರ ಇನ್ನೂ ಶುರುವಾಗಿಲ್ಲ. ಕಥೆ ಹೇಳುತ್ತಿದ್ದ ಹುಡುಗಿ ಆರನೇ ತರಗತಿಗೆ ಪಕ್ಕದ ಊರಿಗೆ ಹೋಗಿದ್ದಾಳೆ. ಅವಳ ತಂಗಿ ಈಗ ನಾಲ್ಕನೆಯದರಲ್ಲಿದ್ದಾಳೆ, ಅವಳನ್ನು ಕೇಳಿ ನೋಡಿ ಅಂತ ಮುಖ್ಯ ಶಿಕ್ಷಕರು ಹೇಳಿದ್ದಾರೆ.